ಉಗುಳಲಾರದ ರುಚಿಗಾರ

ನನ್ನ ತಂಗಿಯ ಗಂಡ ಹಾಲು ಮೊಸರು ತಿಂದೇ ಆರೋಗ್ಯ ಕೆಡಿಸಿಕೊಂಡನೆಂದು ನಮ್ಮ ಬೀದಿಯಲ್ಲಿ ಈಗಲೂ ಹೇಳುವವರಿದ್ದಾರೆ. ಕ್ಷೌರದಂಗಡಿಯವನು ಹೇಳುತ್ತಾನೆ, ಎದುರು ಮನೆಯ ನಿವೃತ್ತ ಗುಮಾಸ್ತರು ಹೇಳುತ್ತಾರೆ, 2024ರ ಜೂನ್‌ನಲ್ಲಿ ಆತನ ಕಾರ್ಖಾನೆ ಹೊರತಂದ ಸ್ಮರಣಸಂಚಿಕೆಯಲ್ಲಂತೂ "ಹೈನು ಪದಾರ್ಥಗಳ ಅತಿಯಾದ ವ್ಯಾಮೋಹದಿಂದ ಅನಾರೋಗ್ಯಕ್ಕೊಳಗಾಗಿ" ಎಂದು ಅಚ್ಚೇ ಆಗಿಬಿಟ್ಟಿದೆ. ಇವರಲ್ಲಿ ಒಬ್ಬರಾದರೂ ವಿಚಾರಿಸಿ ಬರೆದವರಲ್ಲ, ಕೇಳಿ ಆಡಿದವರಲ್ಲ. ಓದಿ ನನ್ನ ಮೈ ಉರಿದುಹೋಯಿತು. ಆದುದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿ, ದಿನಾಂಕ ಸಹಿತ ಇಲ್ಲಿ ಬರೆಯುತ್ತಿದ್ದೇನೆ.

ಆತ ಹಾಲಿನ ಕಾರ್ಖಾನೆಯಲ್ಲಿ ರುಚಿಗಾರ. ಕೆಲಸಕ್ಕೆ ಸೇರಿದ್ದು 1991ನೆಯ ಇಸವಿ ಜೂನ್ 3, ಸೋಮವಾರ. ಸ್ಮರಣಸಂಚಿಕೆಯಲ್ಲಿ 1990 ಎಂದಿರುವುದು ಸಂಪಾದಕ ಮಹಾಶಯರ ಮತ್ತೊಂದು ಬೇಜವಾಬ್ದಾರಿ. ಹಾಲು, ಮೊಸರು, ಬೆಣ್ಣೆ ಪೇಟೆಗೆ ಹೊರಡುವ ಮುನ್ನ ಒಂದೇ ಸಲಕ್ಕೆ ತಯಾರಾದ ಸರಕಿನ ಪ್ರತಿಯೊಂದು ತಂಡದಿಂದಲೂ ಒಂದು ಪುಟ್ಟ ಬಟ್ಟಲು ರುಚಿ ಕೊಠಡಿಗೆ ಬರುತ್ತದೆ. ಆ ಕೊಠಡಿಗೆ ಬಿಳಿಯ ಗೋಡೆ, ಉದ್ದನೆಯ ಉಕ್ಕಿನ ಮೇಜು. ಪ್ರತಿ ಕುರ್ಚಿಯ ಪಕ್ಕದಲ್ಲೂ ನಲ್ಲಿ ಜೋಡಿಸಿದ ಒಂದೊಂದು ಉಗುಳು ತೊಟ್ಟಿ. ಮೇಜಿನ ಮೇಲೆ ಉಗುರುಬೆಚ್ಚಗಿನ ನೀರು. ಸುವಾಸನೆಯ ಸಾಬೂನು ಹಚ್ಚಿಕೊಂಡು ಬಂದವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುತ್ತಾರೆ. ಕೆಲಸದ ಕ್ರಮ ಸ್ಪಷ್ಟವಾಗಿದೆ: ಒಂದು ಚಮಚ ಬಾಯಿಗೆ ಹಾಕಿಕೊಳ್ಳಬೇಕು, ನಾಲಗೆಯ ಮೇಲೆ ಹರಡಬೇಕು, ಮೂಗಿನಿಂದ ಉಸಿರೆಳೆಯಬೇಕು, ತೊಟ್ಟಿಗೆ ಉಗುಳಬೇಕು, ಬಾಯಿ ಮುಕ್ಕಳಿಸಬೇಕು. ನುಂಗಕೂಡದು. ಹಾಗೆಂದು ಗೋಡೆಯ ಮೇಲೆ ದೊಡ್ಡಕ್ಷರಗಳಲ್ಲಿ ಬರೆದಿದೆ.

ಆತನ ನಾಲಗೆಯ ಖ್ಯಾತಿ ಸಾಮಾನ್ಯವಾದುದಲ್ಲ. ಹಾಲಿನ ಕ್ಯಾನು ಬಣ್ಣ ಬಳಿದ ಬಾಗಿಲ ಬಳಿ ನಿಂತಿತ್ತೆಂಬುದನ್ನೂ ಆತ ಒಂದೇ ಚಮಚದಲ್ಲಿ ಹೇಳಬಲ್ಲವನಾಗಿದ್ದ. ಸಹೋದ್ಯೋಗಿಗಳು ಆತನನ್ನು "ರುಚಿರಾಯ" ಎಂದೇ ಕರೆಯುತ್ತಿದ್ದರು. ತಮಾಷೆಗೆ ಹುಟ್ಟಿದ ಆ ಹೆಸರು ಕಾಲಕ್ರಮೇಣ ಗೌರವದ ಹೆಸರಾಯಿತು. ಮನೆಗೆ ಬಂದವರ ಮುಂದೆ ನನ್ನ ತಂಗಿಯೂ ಅದೇ ಹೆಸರನ್ನು ಹೇಳಿಕೊಂಡು ಬೀಗುತ್ತಿದ್ದಳು.

ಅವರ ಮದುವೆಯಾದದ್ದು 1996ರ ನವೆಂಬರ್ 17, ಭಾನುವಾರ. ಅಂದು ಆತ ಕಡ್ಡಿಯಂತಿದ್ದ. ಅಂಗಿಯ ತೋಳಿನಲ್ಲಿ ಇನ್ನೊಂದು ಕೈ ತೂರಿಸಬಹುದಾಗಿತ್ತು. 2010ರ ನಂತರ ಮೈ ಬೆಳೆಯತೊಡಗಿತು. 2023ರ ವೇಳೆಗೆ ಸೊಂಟಪಟ್ಟಿಯಲ್ಲಿ ಹೊಸ ರಂಧ್ರ ಕೊರೆಯಲು ಜಾಗವಿರಲಿಲ್ಲ. ಶಾಲೆಯಲ್ಲಿ ಪಾಠ ಹೇಳುವ ಮಗಳು ಹಾಸ್ಯ ಮಾಡುವಳು: "ಅಪ್ಪಾ, ಬಾಗಿಲಲ್ಲಿ ಮೊದಲು ನಿಮ್ಮ ಹೊಟ್ಟೆ ಬರುತ್ತೆ. ಅದಕ್ಕೆ ಕಾಫಿ ಕೊಟ್ಟು ಮುಗಿಸೋ ಹೊತ್ತಿಗೆ ನೀವು ಬರ್ತೀರಿ!" ಆತ ನಗುತ್ತಿದ್ದ. ಆಗಿನ್ನೂ ನಗುವ ವಿಷಯವಾಗಿತ್ತು.

2024ರ ಜನವರಿ 8ರ ಸೋಮವಾರ ಕಾರ್ಖಾನೆಯಲ್ಲಿ ವಾರ್ಷಿಕ ರಕ್ತಪರೀಕ್ಷೆ ನಡೆಯಿತು. ಹಿಂದಿನ ಮೂರು ತಿಂಗಳ ಸಕ್ಕರೆಯ ಪ್ರಮಾಣವನ್ನು ತೋರಿಸುವ ಪರೀಕ್ಷೆಯಲ್ಲಿ ಆತನ ಅಂಕಿ 7.9 ಬಂತು, ರಕ್ತದ ಕೊಬ್ಬೂ ಮಿತಿ ಮೀರಿತ್ತು. ರುಚಿ ಕೊಠಡಿಯವರಿಗೆ ಕಾರ್ಖಾನೆ ವಿಧಿಸಿದ ಮಿತಿ 7.5. ಅದಕ್ಕಿಂತ ಕೆಳಗಿಳಿಯಲು ಜುಲೈ 8ರವರೆಗೆ ಗಡುವು. ಇಳಿಯದಿದ್ದರೆ ಕುರ್ಚಿ ಬಿಡಬೇಕು. ಆತನಿಗೆ ಆ ಕುರ್ಚಿಯೇ ಜೀವ. ಸಂಬಳವೇನೂ ಕಡಿಮೆಯಾಗುತ್ತಿರಲಿಲ್ಲ, ಆದರೆ ರುಚಿರಾಯನಾಗಿ ಬಾಳಿದವನು ಪೆಟ್ಟಿಗೆಗಳಿಗೆ ಅಂಟುಪಟ್ಟಿ ಹಚ್ಚುತ್ತಾ ಕೂರುವುದೆಂದರೇನು?

ತಂಗಿ ಆತನನ್ನು ಬಡಾವಣೆಯ ವೈದ್ಯೆಯ ಬಳಿಗೆ ಕರೆದುಕೊಂಡು ಹೋದಳು. ಜೊತೆಯಲ್ಲಿ ನಾನೂ ಇದ್ದೆ. ಹೊರಗೆ ಇಪ್ಪತ್ತು ಮಂದಿ ಕಾಯುತ್ತಿದ್ದರು. ವೈದ್ಯೆ ವರದಿಯ ಮೇಲೆ ಕಣ್ಣಾಡಿಸಿ ಕೇಳಿದರು:

"ಎಲ್ಲಿ ಕೆಲಸ?"

"ಹಾಲಿನ ಫ್ಯಾಕ್ಟರೀಲಿ, ಮೇಡಂ."

"ಹಾಗಾದ್ರೆ ಗೊತ್ತಾಯ್ತು ಬಿಡಿ. ಹಾಲು, ಮೊಸರು, ಬೆಣ್ಣೆ, ಎಲ್ಲ ಇವತ್ತಿಂದ ಬಂದ್. ಮಾತ್ರೆ ಬರ್ದಿದೀನಿ. ದಿನಾ ಏನೇನು ತಿಂತೀರಿ?"

ಆತ ಬೆಳಗಿನಿಂದ ರಾತ್ರಿಯವರೆಗೆ ಮನೆಯಲ್ಲಿ ತಿನ್ನುವುದನ್ನೆಲ್ಲ ಒಂದೂ ಬಿಡದೆ ಹೇಳಿದ. ಸಕ್ಕರೆಯಿಲ್ಲದ ಕಾಫಿ, ಊಟದ ಕೊನೆಗೆ ಒಂದು ಬಟ್ಟಲು ಗಟ್ಟಿ ಮೊಸರು. "ನೋಡಿ, ಆ ಮೊಸರೇ!" ಎಂದು ವೈದ್ಯೆ ಗಂಟೆ ಒತ್ತಿದರು. ಮುಂದಿನ ರೋಗಿ ಆಗಲೇ ಒಳಗೆ ಕಾಲಿಟ್ಟಿದ್ದ. ಕಾರ್ಖಾನೆಯ ಹೆಸರು ಕಿವಿಗೆ ಬಿದ್ದೊಡನೆ ಅಪರಾಧಿ ಸಿಕ್ಕಿಬಿಟ್ಟ. ಅಲ್ಲಿ ಏನು ಕೆಲಸ ಮಾಡುತ್ತೀರಿ ಎಂಬ ಒಂದು ಪ್ರಶ್ನೆಗೆ ಸಮಯವಿರಲಿಲ್ಲ.

ಮನೆಯಲ್ಲಿ ತಂಗಿಯ ಆಡಳಿತ ಆರಂಭವಾಯಿತು. ಫ್ರಿಜ್ಜು ಖಾಲಿಯಾಯಿತು. ಮೊಸರಿನ ಪಾತ್ರೆ ಅಟ್ಟ ಸೇರಿತು. ಊಟವಾದ ಮೇಲೂ ಆತನ ಹೊಟ್ಟೆ ತುಂಬದೆ ಚಡಪಡಿಸುವುದನ್ನು ನೋಡಲಾರದೆ ಅವಳು ಬಿಸ್ಕತ್ತು, ಜಾಮು ಹಚ್ಚಿದ ಬ್ರೆಡ್ಡು, ಪೊಟ್ಟಣದ ಹಣ್ಣಿನ ರಸ ಕೊಡತೊಡಗಿದಳು. ಇವು ಯಾವುವೂ ಹಾಲಿನವಲ್ಲವಲ್ಲ! ಸಿಹಿಯಿಲ್ಲದ ಒಂದು ಬಟ್ಟಲು ಮೊಸರನ್ನು ಕಿತ್ತುಕೊಂಡು ಆ ಜಾಗದಲ್ಲಿ ಸಕ್ಕರೆ ಸುರಿಯುವುದನ್ನು ಪಥ್ಯವೆಂದು ಕರೆದದ್ದನ್ನು ನೆನೆದರೆ ನನಗೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಎರಡು ಬಾರಿ ನಾನು ಬಾಯಿ ಬಿಟ್ಟೆ. "ಅಣ್ಣಾ, ನೀನು ಡಾಕ್ಟರಾ?" ಎಂದು ಅವಳು ಎರಡು ಬಾರಿಯೂ ನನ್ನ ಬಾಯಿ ಮುಚ್ಚಿಸಿದಳು.

ಏಪ್ರಿಲ್ 12ರ ಶುಕ್ರವಾರ ಮತ್ತೊಮ್ಮೆ ರಕ್ತ ಕೊಟ್ಟ. ಅಂಕಿ 8.4. ಇಳಿಯಬೇಕಾದದ್ದು ಏರಿತ್ತು.

ಅಂದು ಸಂಜೆ ಆ ಮನೆಯ ಕೋಣೆಯಲ್ಲಿ ನಡೆದದ್ದನ್ನು ವಿಚಾರಣೆ ಎಂದೇ ಕರೆಯಬೇಕು. ಮಗಳು ಆತನ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ತಂಗಿ ಅಂಗಿಯ ಜೇಬು ಮೂಸಿ ನೋಡಿದಳು.

"ನಿಜ ಹೇಳ್ರಿ. ಎಲ್ಲಿ ತಿಂತಿದೀರಿ? ಆ ಮೂಲೆ ಬೇಕರೀಲಾ?"

"ಬೇಕರಿ ಮೆಟ್ಟಿಲು ಹತ್ತಿಲ್ಲ ಕಣೇ."

"ಹಾಗಾದ್ರೆ ಸಕ್ಕರೆ ಗಾಳೀಲಿ ಬರುತ್ತಾ? ಅಪ್ಪಾ, ನಾನು ಶಾಲೇಲಿ ದಿನಾ ಇಂಥ ಮುಖ ನೋಡ್ತೀನಿ, ಹೋಮ್‌ವರ್ಕ್ ನಾಯಿ ತಿಂತು ಅನ್ನೋರದ್ದು."

ಆತ ಎದ್ದು ನಿಂತ. "ಮನೆ ಊಟ ಬಿಟ್ಟು ಒಂದು ತುತ್ತು ಹೊರಗೆ ತಿಂದಿದ್ರೆ ಈ ನಾಲಗೆ ಬಿದ್ದುಹೋಗ್ಲಿ. ಮೂರು ತಿಂಗಳಿಂದ ನಾಯಿ ಹಾಗೆ ಹಸ್ಕೊಂಡು ಇದೀನಿ. ಕಳ್ಳ ಅಂತೀರಾ ನನ್ನ? ಭಾವಾ, ನೀವೂ ಹಾಗೇ ಅಂತೀರಾ?"

ನಾನು ಇಲ್ಲವೆಂದೆ. ಆತ ಸುಳ್ಳು ಹೇಳುತ್ತಿರಲಿಲ್ಲ. ಅದು ಮುಖದಲ್ಲೇ ಕಾಣುತ್ತಿತ್ತು. ಆದರೂ ಅಂಕಿ ಅಂಕಿಯೇ. ಅಂದಿನಿಂದ ಆ ಮನೆಯಲ್ಲಿ ಗಂಡ ಹೆಂಡಿರ ಮಾತುಕತೆ ಅಗತ್ಯವಿದ್ದಷ್ಟಕ್ಕೆ ಇಳಿಯಿತು. ತಂಗಿ ಆತ ಉಣ್ಣುವಾಗಲೆಲ್ಲ ಎದುರಿಗೆ ಕುಳಿತು, ತಟ್ಟೆಯಿಂದ ಬಾಯಿಗೆ, ಬಾಯಿಯಿಂದ ಗಂಟಲಿಗೆ ಕಣ್ಣು ಕೀಲಿಸಿ ಕಾವಲು ಕಾಯುತ್ತಿದ್ದಳು.

ಮೇ 19, ಭಾನುವಾರ. ಕಾರ್ಖಾನೆಯವರು ನೌಕರರ ಮನೆಯವರಿಗೆ ಯಂತ್ರಗಳನ್ನು ತೋರಿಸುವ ದಿನ. ತಂಗಿ, ಮಗಳು, ನಾನು ಮೂವರೂ ಹೋದೆವು. ತಲೆಗೆ ಕಾಗದದ ಟೋಪಿ ಕೊಟ್ಟರು. ನನ್ನದು ಕಿವಿಯ ಮೇಲೆ ನಿಲ್ಲದೆ ಪದೇ ಪದೇ ಮೂಗಿನ ಮೇಲಿಳಿಯುತ್ತಿತ್ತು. ವ್ಯವಸ್ಥಾಪಕರು ಮುಂದೆ ನಡೆಯುತ್ತಾ, ಸೀಸೆಗಳಿಗೆ ಹಾಲು ತುಂಬುವುದು, ಹಣ್ಣಿನ ಪಾಕ ಬೆರೆಸಿದ ಸಿಹಿ ಮೊಸರಿನ ಡಬ್ಬಿಗಳ ಮೆರವಣಿಗೆ, ಐಸ್‌ಕ್ರೀಮಿನ ಯಂತ್ರಗಳನ್ನೆಲ್ಲ ತೋರಿಸಿ ಕೊನೆಗೆ ರುಚಿ ಕೊಠಡಿಯ ಗಾಜಿನ ಗೋಡೆಯ ಮುಂದೆ ನಿಲ್ಲಿಸಿದರು. ಒಳಗೆ ನಾಲ್ವರು ಕೆಲಸ ಮಾಡುತ್ತಿದ್ದರು. ನಮ್ಮವನು ಗಾಜಿಗೆ ಪಕ್ಕೆ ಕೊಟ್ಟು ಕುಳಿತಿದ್ದ.

"ನೋಡಿ, ನಮ್ಮ ರುಚಿರಾಯರು!" ಎಂದರು ವ್ಯವಸ್ಥಾಪಕರು. ಜನ ಚಪ್ಪಾಳೆ ತಟ್ಟಿದರು. ಆತ ಚಮಚ ಬಾಯಿಗಿಟ್ಟ, ಕಣ್ಣು ಮುಚ್ಚಿದ, ನೀರು ಹಾಕಿಕೊಂಡು ತೊಟ್ಟಿಗೆ ಬಗ್ಗಿ ಉಗುಳಿದ. ನನಗೆ ಕಂಡದ್ದು ಇಷ್ಟೇ. ಉಳಿದ ಐವತ್ತು ಜನರಿಗೂ ಕಂಡದ್ದು ಇಷ್ಟೇ. ಆದರೆ ಐದು ವಾರಗಳಿಂದ ಆ ಗಂಟಲನ್ನೇ ಕಾವಲು ಕಾಯ್ದವಳು ನಮ್ಮ ನಡುವೆ ಇದ್ದಳು. ಎರಡನೆಯ ಬಟ್ಟಲಿಗೆ ಅವಳ ಹುಬ್ಬು ಗಂಟಿಕ್ಕಿತು. ಮೂರನೆಯದಕ್ಕೆ ಮುಖ ಕೆಂಪಾಯಿತು. ನಾಲ್ಕನೆಯದಕ್ಕೆ ಗಾಜನ್ನು ಎರಡೂ ಅಂಗೈಗಳಿಂದ ಬಡಿದಳು.

"ನುಂಗಿದ್ರಿ! ನೀರು ಮಾತ್ರ ಉಗುಳಿದ್ರಿ, ಅದನ್ನ ನುಂಗಿದ್ರಿ! ಗಂಟಲಮಣಿ ಏರಿ ಇಳಿದದ್ದು ಕಂಡೆ ನಾನು! ಮನೇಲಿ ಒಂದು ತೊಟ್ಟು ಹಾಲು ಇಲ್ಲದ ಹಾಗೆ ಮಾಡಿ ನಾನು ಸಾಯ್ತಿದ್ರೆ, ಇಲ್ಲಿ ಕೂತ್ಕೊಂಡು ಸಕ್ಕರೆ ಮೊಸರು ನುಂಗ್ತಿದೀರಾ?"

ಗಾಜು ದಪ್ಪವಾಗಿತ್ತು, ಒಳಗಿದ್ದವನಿಗೆ ಮಾತು ಕೇಳಿಸಿರಲಾರದು. ಅವಳ ಮುಖ ಮಾತ್ರ ಕಂಡಿತು, ಅಷ್ಟು ಸಾಕಾಯಿತು. ಆತನ ಕೈಯಿಂದ ಚಮಚ ಬಿತ್ತು. ವ್ಯವಸ್ಥಾಪಕರು ಮಾತ್ರ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಎಲ್ಲರೆದುರಿಗೆ ನಗುನಗುತ್ತಲೇ ಇದ್ದು, ಸಂದರ್ಶಕರು ಚದುರಿದ ಮೇಲೆ ಆತನನ್ನು ಕರೆದು ಹೇಳಿದರು: "ಮೂವತ್ತು ವರ್ಷದಿಂದ ನಿಯಮ ಮುರೀತಿದ್ದೀರಾ? ನಾಳೆ ನಾನೇ ಪಕ್ಕದಲ್ಲಿ ಕೂರ್ತೀನಿ. ಉಗುಳಿದ್ರೆ ಕುರ್ಚಿ ನಿಮ್ಮದು. ಇಲ್ಲಾಂದ್ರೆ ಜುಲೈವರೆಗೂ ಕಾಯೋದು ಬೇಡ."

ಸಂಜೆ ಅಡುಗೆಮನೆಯಲ್ಲಿ ತಂಗಿ ಜಗಳವಾಡಲಿಲ್ಲ. ಒಂದು ದೊಡ್ಡ ಪಾತ್ರೆಯನ್ನು ಕಟ್ಟೆಯ ಮೇಲೆ ಕುಕ್ಕಿ, ಕಾರ್ಖಾನೆಯ ಅಳತೆಯ ಚಮಚವನ್ನೂ ಒಂದು ಬಿಂದಿಗೆ ನೀರನ್ನೂ ಆತನ ಮುಂದಿಟ್ಟಳು. "ಒಂದು ದಿನಕ್ಕೆ ಎಷ್ಟು ನುಂಗ್ತೀರೋ ಅಷ್ಟು ಹಾಕಿ."

ಆತ ಹಾಕತೊಡಗಿದ. ಒಂದೊಂದು ತಂಡಕ್ಕೂ ಎರಡು ಚಮಚ, ಅನುಮಾನ ಬಂದರೆ ಮೂರು. ಹಾಕುತ್ತಾ ಹಾಕುತ್ತಾ ಆತನೇ ನಿಧಾನಿಸಿದ. ಪಾತ್ರೆ ಮುಕ್ಕಾಲು ತುಂಬಿದಾಗ ಕೈ ನಿಂತಿತು. "ಇಷ್ಟೊಂದಾ?" ಎಂದ. ನಟನೆಯಲ್ಲ, ನಿಜವಾದ ಗಾಬರಿ. "ನಾನು ಇದನ್ನ ತಿಂದೆ ಅಂತ ಯಾವತ್ತೂ ಅಂದ್ಕೊಂಡೇ ಇಲ್ಲ ಕಣೇ. ಇದು ಕೆಲಸ. ರುಚಿ ನೋಡೋದು. ಬಡಗಿ ಮರ ತಿಂದೆ ಅಂತಾನಾ?"

"ಬಡಗಿ ಮರ ನುಂಗಲ್ಲ!" ಎಂದಳು ತಂಗಿ. "ಉಗುಳೋಕೆ ಏನು ಕಷ್ಟ ನಿಮಗೆ?"

ಆಗ ಆತ ಹೇಳಿದ್ದನ್ನು ನಾನು ಹಾಗೆಯೇ ದಾಖಲಿಸುತ್ತೇನೆ. "ನಾವು ಏಳು ಮಕ್ಕಳು. ವಾರಕ್ಕೊಂದ್ಸಲ ಹಾಲು ಬರೋದು, ತಲಾ ಎರಡು ಗುಟುಕು. ಒಂದ್ಸಲ ನನ್ನ ಕೈ ತಪ್ಪಿ ನೆಲಕ್ಕೆ ಚೆಲ್ತು. ಅಮ್ಮ ಹೊಡೀಲಿಲ್ಲ. ಬೈಲಿಲ್ಲ. ಮಂಡಿ ಊರಿ ಕೂತು, ನೆಲದ ಮೇಲಿದ್ದ ಹಾಲನ್ನ ಬೆರಳಲ್ಲಿ ಬಳಿದು ಬಳಿದು ತಮ್ಮನ ಬಾಯಿಗಿಟ್ಟಳು. ನನಗೆ ಹಾಲು ಬಾಯಿಂದ ಹೊರಗೆ ಬರಲ್ಲ. ಮೊದಲನೇ ದಿನದಿಂದ್ಲೂ ಬಂದಿಲ್ಲ. ನೀರು ಉಗುಳಿ ತೋರಿಸ್ದೆ, ಎಲ್ಲರೂ ನಂಬಿದ್ರು."

ಇಲ್ಲಿ ಓದುಗರು ಒಂದು ಅಂಶವನ್ನು ಗಮನಿಸಬೇಕು. ಆತ ಕೆಲಸಕ್ಕೆ ಸೇರಿದಾಗ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಬರಿಯ ಹಾಲು, ಬರಿಯ ಮೊಸರು, ಬೆಣ್ಣೆ. ಅಂದೂ ನುಂಗುತ್ತಿದ್ದ, ಕಡ್ಡಿಯಂತೆಯೇ ಇದ್ದ. 2009ರ ಸೆಪ್ಟೆಂಬರ್ 1ರಂದು ಹಣ್ಣಿನ ಮೊಸರಿನ ಸಾಲು ಆರಂಭವಾಯಿತು; ಆಮೇಲೆ ಬಣ್ಣದ ಹಾಲು, ಆಮೇಲೆ ಐಸ್‌ಕ್ರೀಮು. ಹಾಲಿಗೆ ಸಕ್ಕರೆ ಸುರಿಯುತ್ತಾ ಹೋದರು. ಡಬ್ಬಿಯ ಮೇಲೆ "ಕೊಬ್ಬಿಲ್ಲದ್ದು" ಎಂದು ಹಸಿರು ಎಲೆಯ ಚಿತ್ರ ಬರೆದರು. ರುಚಿ ಕೊಠಡಿಗೆ ಬರುವ ಬಟ್ಟಲುಗಳ ಸಂಖ್ಯೆ ಮೂರು ಪಟ್ಟಾಯಿತು. ಮನುಷ್ಯನ ಅಭ್ಯಾಸ ಬದಲಾಗಲಿಲ್ಲ. ಬಟ್ಟಲಿನಲ್ಲಿದ್ದ ವಸ್ತು ಬದಲಾಯಿತು. ಇದನ್ನು ಮಾಡಿದ ಕಾರ್ಖಾನೆಯೇ "ವ್ಯಾಮೋಹ" ಎಂದು ಅಚ್ಚು ಹಾಕಿಸುತ್ತದೆ! ನಾಚಿಕೆ ಎಂಬುದು ಬೇಡವೇ?

ಸೋಮವಾರ ನಡೆದದ್ದನ್ನು ನನಗೆ ಹೇಳಿದವರು ಆತನ ಎದುರು ಕುರ್ಚಿಯ ಮಹಿಳೆ. ವ್ಯವಸ್ಥಾಪಕರು ಪಕ್ಕದಲ್ಲಿ ಕುಳಿತರು. ಆತ ಮೊದಲ ಚಮಚ ಬಾಯಿಗಿಟ್ಟು ತೊಟ್ಟಿಗೆ ಬಗ್ಗಿದ. ಬಗ್ಗಿಯೇ ಇದ್ದ. ಕಿವಿಯವರೆಗೆ ಕೆಂಪಾದ, ಕಣ್ಣಲ್ಲಿ ನೀರು ಬಂತು, ಕೊನೆಗೆ ನುಂಗಿದ. ಎರಡನೆಯದು ಹಾಗೇ. ಮೂರನೆಯದನ್ನು ಹೇಗೋ ಹೊರದಬ್ಬಿದ. ತೊಟ್ಟಿಯ ಬಿಳುಪಿನ ಮೇಲೆ ಅದು ಹರಿದು ಹೋಗುವುದನ್ನು ನೋಡಿ, ಬೆರಳು ಚಾಚಿಬಿಟ್ಟನಂತೆ, ಅದನ್ನು ಬಳಿಯಲು. ತನ್ನ ಬೆರಳನ್ನು ತಾನೇ ನೋಡಿಕೊಂಡು ಚಮಚವನ್ನು ಗೋಡೆಗೆಸೆದು ಎದ್ದು ಬಂದ. ಇಪ್ಪತ್ತಮೂರನೆಯ ತಾರೀಖು, ಗುರುವಾರ, ಹಾಲು ಇಳಿಸಿಕೊಳ್ಳುವ ಕಟ್ಟೆಗೆ ವರ್ಗ ಕೇಳಿ ತಾನೇ ಅರ್ಜಿ ಕೊಟ್ಟ. ಅಲ್ಲಿ ಹಳ್ಳಿಗಳಿಂದ ಬರುವ ಹಸಿ ಹಾಲಿನ ಟ್ಯಾಂಕರುಗಳ ಮುಚ್ಚಳ ತೆರೆದು ಮೂಗಿನಿಂದ ಮೂಸಿ ಒಳ್ಳೆಯದು ಕೆಟ್ಟದ್ದು ಹೇಳಬೇಕು. ಹಸಿ ಹಾಲನ್ನು ಯಾರೂ ಬಾಯಿಗೆ ಹಾಕುವಂತಿಲ್ಲ.

ಮಧ್ಯೆ, ಮೇ 21ರ ಮಂಗಳವಾರ, ಮತ್ತೆ ವೈದ್ಯೆಯ ಬಳಿಗೆ ಹೋಗಿದ್ದೆವು. ತಂಗಿ ಪಾತ್ರೆಯ ಕಥೆ ಹೇಳಿದೊಡನೆ ಅವರು ಪೆನ್ನನ್ನು ಮೇಜಿಗೆ ಬಡಿದರು.

"ಇದನ್ನ ಜನವರೀಲಿ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ!"

"ಏನು ತಿಂತೀರಿ ಅಂತ ಕೇಳ್ದೆ ತಾನೇ?"

"ಏನು ಕೆಲಸ ಮಾಡ್ತಾರೆ ಅಂತ ಕೇಳಿದ್ರಾ? ಫ್ಯಾಕ್ಟರಿ ಹೆಸರು ಕೇಳಿದ್ದೇ ತೀರ್ಪು ಕೊಟ್ರಿ!"

ಇಬ್ಬರ ದನಿಯೂ ಏರಿತ್ತು. ಹೊರಗೆ ಕಾಯುತ್ತಿದ್ದವರು ಬಾಗಿಲಿಗೆ ಕಿವಿ ಕೊಟ್ಟಿದ್ದರು. ಮೊದಲು ದನಿ ಇಳಿಸಿದವರು ವೈದ್ಯೆ. ಆಗ ಅವರು ಗಂಟೆ ಒತ್ತಲಿಲ್ಲ. ಕುಳಿತು ವಿವರವಾಗಿ ಹೇಳಿದರು. ತೂಕ ಹೆಚ್ಚಿದ ವಯಸ್ಕರಲ್ಲಿ ಸಿಹಿಯಿಲ್ಲದ ಹಾಲು ಮೊಸರು ತಾವಾಗಿಯೇ ಸಕ್ಕರೆಯ ಅಂಕಿಯನ್ನು ಕೆಡಿಸುತ್ತವೆಂದು ಅಧ್ಯಯನಗಳು ತೋರಿಸಿಲ್ಲ. ಮೊಸರಿನಿಂದ ಸ್ವಲ್ಪ ಉಪಕಾರವೇ ಇರಬಹುದೆಂದು ಕೆಲವು ಹೇಳುತ್ತವೆ, ಯಾವ ವ್ಯತ್ಯಾಸವೂ ಇಲ್ಲವೆಂದು ಕೆಲವು ಹೇಳುತ್ತವೆ. ಒಟ್ಟು ಎಷ್ಟು ತಿನ್ನುತ್ತೀರಿ, ಅದರಲ್ಲಿ ಏನು ಬೆರೆತಿದೆ, ಅದನ್ನು ಬಿಟ್ಟರೆ ಅದರ ಜಾಗದಲ್ಲಿ ಏನು ತಿನ್ನುತ್ತೀರಿ ಎಂಬುದು ಮುಖ್ಯ. ಬೆಣ್ಣೆಯ ವಿಷಯದಲ್ಲಿ ಕೈ ಹಿಡಿತವಿರಲಿ. "ಸಾದಾ ಮೊಸರು ಒಂದು ಬಟ್ಟಲು ತಿನ್ನಿ. ಬಿಸ್ಕತ್ತು, ಜ್ಯೂಸು ಬಿಸಾಕಿ. ಮಾತ್ರೆ ಸ್ವಲ್ಪ ಹೆಚ್ಚಿಸ್ತೀನಿ. ದಿನಾ ನಡೀರಿ." ಇದೇ ಮಾತನ್ನು ಜನವರಿಯಲ್ಲಿ ಹೇಳಿದ್ದರೆ ಒಂದು ಮನೆಯ ನಾಲ್ಕು ತಿಂಗಳ ನೆಮ್ಮದಿ ಉಳಿಯುತ್ತಿತ್ತು. ಅವರ ಮೇಲೆ ನನ್ನ ಸಿಟ್ಟು ಅರ್ಧ ಮಾತ್ರ ಇಳಿದಿದೆ.

ಜುಲೈ 8ರ ಪರೀಕ್ಷೆಯಲ್ಲಿ ಅಂಕಿ 7.3. ಮಾತ್ರೆ ಹೆಚ್ಚಿತ್ತು, ನಡಿಗೆಯೂ ಸೇರಿತ್ತು. ಆದುದರಿಂದ ಎಲ್ಲ ಶ್ರೇಯಸ್ಸನ್ನೂ ನುಂಗುವುದನ್ನು ಬಿಟ್ಟದ್ದಕ್ಕೇ ಕೊಡುವುದು ನ್ಯಾಯವಲ್ಲ. ಆದರೆ ಮೊಸರಿನ ಬಟ್ಟಲು ಊಟದ ತಟ್ಟೆಯ ಪಕ್ಕಕ್ಕೆ ಹಿಂದಿರುಗಿ ಏಳು ವಾರಗಳಾದ ಮೇಲೂ ಅಂಕಿ ಇಳಿದಿತ್ತೆಂಬುದನ್ನು ಕ್ಷೌರದಂಗಡಿಯವನು ದಯವಿಟ್ಟು ಗಮನಿಸತಕ್ಕದ್ದು.

ಎರಡು ದಿನಗಳ ನಂತರ, ಬುಧವಾರ, ನಾನು ಆತನನ್ನು ನೋಡಲು ಹಾಲಿನ ಕಟ್ಟೆಗೆ ಹೋಗಿದ್ದೆ. ಮೂರು ಟ್ಯಾಂಕರುಗಳು ಸಾಲಾಗಿ ನಿಂತಿದ್ದವು. ಆತ ಏಣಿ ಹತ್ತಿ ಮೊದಲನೆಯದರ ಮುಚ್ಚಳ ತೆರೆಯುತ್ತಿದ್ದ. ವ್ಯವಸ್ಥಾಪಕರು ಬಿರುಬಿರನೆ ನಡೆದು ಬಂದರು. ಹೊಸಬರು ಪಾಸು ಮಾಡಿದ ಹಣ್ಣಿನ ಮೊಸರು ಕಹಿಯೆಂದು ಅಂಗಡಿಗಳಿಂದ ಹಿಂದಿರುಗಿತ್ತಂತೆ.

"ರುಚಿರಾಯರೇ, ಇಳಿದು ಬನ್ನಿ. ಸಕ್ಕರೆ ಅಂಕಿ ಸರಿ ಇದೆಯಲ್ಲ, ಕುರ್ಚಿ ನಿಮ್ಮದೇ."

"ಉಗುಳೋಕೆ ಬರಲ್ಲ ಸಾರ್ ನನಗೆ. ನೀವೇ ನೋಡಿದ್ರಲ್ಲ."

ವ್ಯವಸ್ಥಾಪಕರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಅಯ್ಯೋ, ಬಿಡ್ರಿ. ನುಂಗಿದ್ರೆ ನುಂಗಿ. ಯಾರು ನೋಡ್ತಾರೆ?"

ಆತ ಏಣಿಯ ಮೇಲೆ ನಿಂತಲ್ಲೇ ತಿರುಗಿದ. ಮೂವತ್ತು ವರ್ಷಗಳ ನೌಕರಿಯಲ್ಲಿ ಆತ ಮೇಲಧಿಕಾರಿಗೆ ದನಿಯೆತ್ತಿದನೆಂದು ನಾನು ಕೇಳಿರಲಿಲ್ಲ.

"ಮೇ ತಿಂಗಳಲ್ಲಿ ನುಂಗಿದ್ದು ಅಪರಾಧ, ಜುಲೈನಲ್ಲಿ ನುಂಗಿದ್ರೆ ನಡೆಯುತ್ತಾ? ನಿಯಮ ಮುರಿದೋನು ಅಂದ್ರಿ ಸಾರ್. ಸಂಚಿಕೇಲಿ ಚಪಲಗಾರ ಅಂತ ಹಾಕಿಸಿದ್ರಿ. ಆ ಸಕ್ಕರೆ ಸುರಿದೋರು ಯಾರು? ನಾನಾ? ಬಟ್ಟಲಲ್ಲಿ ಬರೀ ಮೊಸರು ಇದ್ದಾಗ ನನಗೇನೂ ಆಗಿರಲಿಲ್ಲ. ಆ ಕುರ್ಚೀಲಿ ಇನ್ನು ನೀವೇ ಕೂತ್ಕೊಳ್ಳಿ. ನೀವೇ ನುಂಗಿ. ಯಾರೂ ನೋಡಲ್ಲ."

"ಯೋಚನೆ ಮಾಡಿ ಮಾತಾಡಿ…"

"ಮಾಡಿದೀನಿ."

ಆತ ಮುಚ್ಚಳ ಎತ್ತಿ ಬಗ್ಗಿ ಮೂಸಿದ. ಒಮ್ಮೆ, ಇನ್ನೊಮ್ಮೆ. ತಲೆಯೆತ್ತಿ ಚಾಲಕನಿಗೆ ಕೂಗಿದ: "ಹುಳಿಯಾಗಿದೆ. ವಾಪಸ್ ತಗೊಂಡ್ಹೋಗು."

"ಏನ್ ಸ್ವಾಮಿ, ಬೆಳಗ್ಗೆ ತಾನೇ ಕರೆದ ಹಾಲು!" ಎಂದು ಚಾಲಕ ಜಗಳಕ್ಕೇ ನಿಂತ. ಆತನೂ ಏಣಿಯಿಂದಿಳಿದು, ತೋಳು ಮಡಿಚಿ, ಜಗಳಕ್ಕೇ ನಿಂತ. ವ್ಯವಸ್ಥಾಪಕರು ಸ್ವಲ್ಪ ಹೊತ್ತು ಕಾದರು. ಇಬ್ಬರಲ್ಲಿ ಯಾರೂ ಅವರತ್ತ ತಿರುಗಿ ನೋಡದ್ದರಿಂದ ಹೊರಟುಹೋದರು.